ಲಾಲಿಯ ಎರಡನೇ ಚರಣ

ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ಲೋಕದ ಸಮಸ್ತ ಮಹಿಳೆಯರಿಗೆ ಸಾರಬೇಕಾದ ಐತಿಹಾಸಿಕ ಸುದ್ದಿಯೊಂದಿದೆ. ಮೊದಲು ನಿಮಗೆ ತಿಳಿಸುತ್ತಿದ್ದೇನೆ. ನಮ್ಮ ಮಹಿಳಾ ಸಂಘದ ಕಚೇರಿಯ ನಲ್ಲಿ ಸೋರುವುದು ನಿಂತಿದೆ. ಸಮಾನ ಕೂಲಿ ಸಿಕ್ಕಿತು, ರಾತ್ರಿ ಪಾಳಿಯವರಿಗೆ ಬಸ್ಸು ಬಂತು, ನಮ್ಮ ಪತ್ರಿಕೆ ಹುಟ್ಟಿ ಬೆಳೆದು ಮುಚ್ಚಿಯೂ ಹೋಯಿತು. ನಲ್ಲಿ ಮಾತ್ರ ಯಾವ ಚಳವಳಿಗೂ ಬಗ್ಗಿರಲಿಲ್ಲ. ಮೊನ್ನೆ ಪ್ಲಂಬರ್ ಹುಡುಗಿಯೊಬ್ಬಳು ಬಂದು, "ಇಷ್ಟೇನಾ ಆಂಟಿ?" ಎಂದು ವಾಷರ್ ಬದಲಿಸಿ ಹೋದಳು. ಕುಣಿಯಬೇಕೆನಿಸಿತು. ಮಂಡಿ ಬೇಡವೆಂದಿತು.

ಇನ್ನೊಂದು ಸುದ್ದಿ ಸ್ವಲ್ಪ ಸಣ್ಣದು. ಮಹಿಳಾ ಚಳವಳಿಯ ಚರಿತ್ರೆ, ಸಾಹಿತ್ಯ ಎಲ್ಲವನ್ನೂ ಸೇರಿಸಿ ನನ್ನ ಮಗಳು ದಪ್ಪ ಪುಸ್ತಕವೊಂದನ್ನು ಮಾಡುತ್ತಿದ್ದಾಳೆ. ಅದೇ, ನಿಮ್ಮ ಹೆಬ್ಬೆರಳು ಕಚ್ಚಿ ನಿಮ್ಮಿಂದಲೇ 'ಮೊಸಳೆ' ಎಂಬ ಬಿರುದು ಪಡೆದವಳು. ಚಳವಳಿಗೆ ಮೊದಲ ಅಲೆ, ಎರಡನೇ ಅಲೆ, ಮೂರನೇ ಅಲೆ ಎಂದೆಲ್ಲ ಇರುತ್ತವಂತೆ. ನಾವು ಎರಡನೆಯದರಲ್ಲಿ ಇದ್ದೆವಂತೆ. ಕಾಲು ಒದ್ದೆಯಾದ ನೆನಪೂ ನನಗಿಲ್ಲ. ಚಪ್ಪಲಿ ಸವೆದದ್ದು ಮಾತ್ರ ನೆನಪಿದೆ.

ಆ ಪುಸ್ತಕದಲ್ಲಿ ನಿಮ್ಮ ಹಾಡಿದೆ, ಅತ್ತಿಗೆ. ಮೆರವಣಿಗೆಗೆ ಹೊರಟಾಗಲೆಲ್ಲ ನಾವು ಮಕ್ಕಳನ್ನು ನಿಮ್ಮ ಹೊಲಿಗೆ ಕೋಣೆಗೆ ತಂದು, ಬಟ್ಟೆ ಚೂರುಗಳ ರಾಶಿಯ ಮೇಲೆ ಬಿಟ್ಟು ಓಡುತ್ತಿದ್ದೆವಲ್ಲ. ನೀವು ಮಿಷನ್ ತುಳಿಯುತ್ತ, ಅದರ ತಾಳಕ್ಕೆ ನಮ್ಮ ಘೋಷಣೆಗಳನ್ನೇ ಲಾಲಿ ಮಾಡಿ ಹಾಡುತ್ತಿದ್ದಿರಿ:

ಮಲಗು ಮಗಳೇ ಮಲಗು, ಅರ್ಧ ನಿದ್ದೆ ಸಾಲದು,
ಅಲ್ಲಿ ನಿನ್ನ ಅಮ್ಮನಿಗೆ ಅರ್ಧ ಕೂಲಿ ಸಾಲದು.

ಮಕ್ಕಳ ಬಾಯಿಂದ ಅದು ನಮ್ಮ ಬಾಯಿಗೆ ಬಂತು. ಮಿಷನ್ನಿನ ತಾಳ ನಡಿಗೆಗೆ ಹೇಳಿ ಮಾಡಿಸಿದಂತಿತ್ತು. ಊರೂರು ಹಾಡಿದೆವು. ಕಾವಲಿಗೆ ಬಂದ ಪೊಲೀಸರು ಲಾಠಿ ಊರಿಕೊಂಡು ತೂಕಡಿಸಿದರು.

ಈಗ ಹಾಡಿನ ಕೆಳಗೆ 'ಅಜ್ಞಾತ ಕವಯಿತ್ರಿ' ಎಂದು ಅಚ್ಚಾಗುವುದರಲ್ಲಿದೆ. ಶನಿವಾರ ಪುಸ್ತಕ ಪ್ರೆಸ್ಸಿಗೆ ಹೋಗುತ್ತದೆ. ನಿಮ್ಮ ಹೆಸರು ಹಾಕಲು ಮೊಸಳೆ ಫೋನ್ ಮಾಡಿ ಕೇಳಿದರೆ ನೀವೇನಂದಿರಿ? "ಮಗು ಮಲಗ್ಲಿ ಅಂತ ಹಾಡಿದ್ದು ಕಣೇ ನಾನು, ಲೋಕ ಏಳ್ಲಿ ಅಂತಲ್ಲ. ಹೆಸರು ಗಿಸರು ಏನೂ ಬೇಡ, ಇಡು ಫೋನು." ಅತ್ತೆ ಬೈದರು ಎಂದು ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ನಿಮ್ಮ ಸಿಟ್ಟು ನನಗೆ ಗೊತ್ತು. ಮನೆಯಲ್ಲಿ ಮಕ್ಕಳನ್ನು ಆಡಿಸುತ್ತ ಕೂತವರು ತಮ್ಮ ಕಾಲಿಗೆ ತಾವೇ ಸರಪಳಿ ಕಟ್ಟಿಕೊಂಡವರು ಎಂದು ಸಂಘದ ಡಾಕ್ಟರಮ್ಮ ನಮ್ಮ ಪತ್ರಿಕೆಯಲ್ಲಿ ಬರೆದರು. ಅದನ್ನು ಬರೆಯುವಾಗ ಅವರ ಅವಳಿ ಮಕ್ಕಳು ನಿಮ್ಮ ಎರಡು ಹೆಗಲ ಮೇಲಿದ್ದವು. ಪತ್ರಿಕೆ ಬಂದ ದಿನ ಸಂಜೆ ಮಕ್ಕಳನ್ನು ಒಪ್ಪಿಸುವಾಗ ನೀವು, "ತಗೋಮ್ಮಾ ನಿನ್ನ ಸರಪಳಿ. ಎರಡಕ್ಕೂ ಹಾಲು ಕುಡ್ಸಿದೀನಿ" ಅಂದಿರಿ. ಮತ್ತೆಂದೂ ಸಂಘದ ಮೆಟ್ಟಿಲು ಹತ್ತಲಿಲ್ಲ. ಆದರೂ ಮುಂದಿನ ಮೆರವಣಿಗೆಯ ದಿನ ನಿಮ್ಮ ಕೋಣೆಯ ಬಾಗಿಲು ತೆರೆದೇ ಇತ್ತು.

ದಣಿದಿದ್ದೇನೆ, ಅತ್ತಿಗೆ. ವಾದ ಮಾಡುವ ತ್ರಾಣ ಇಲ್ಲ. ಮೈಕು ಕೆಟ್ಟಾಗ ಮಾಡಿದ ಭಾಷಣಗಳೂ ಈ ಪುಸ್ತಕದಲ್ಲಿವೆ. ಯಾರಿಗೂ ಕೇಳಿಸದ್ದೇ ಚರಿತ್ರೆಯಾದರೆ, ಮಕ್ಕಳು ಕೇಳಿ ಕಣ್ಣು ಮುಚ್ಚಿದ್ದು ಯಾಕಾಗಬಾರದು? ಅಜ್ಞಾತ ಎಂದರೆ ಯಾರಿಗೂ ಗೊತ್ತಿಲ್ಲದವಳು. ನಮಗೆ ಗೊತ್ತು. ಇಷ್ಟು ವರ್ಷ ಪ್ರೂಫ್ ತಿದ್ದಿದ ಕಣ್ಣಿಗೆ, ಗೊತ್ತಿದ್ದೂ ಸುಳ್ಳನ್ನು ಬಿಟ್ಟುಬಿಡಲು ಆಗುತ್ತಿಲ್ಲ.

ಹೂಂ ಅನ್ನಿ. ಇಲ್ಲವೇ ಬೈಯುವುದಕ್ಕಾದರೂ ಫೋನ್ ಮಾಡಿ.

ನಿಮ್ಮ ಬೈಗುಳಕ್ಕೆ ಕಾದಿರುವ
ನಾದಿನಿ

ಮರೆತ ಮಾತು: ಈ ಸುಸ್ತು ವಯಸ್ಸಿನದ್ದು ಎಂದುಕೊಳ್ಳಬೇಡಿ. ಮೊಸಳೆ ಪುಸ್ತಕದ ಕೆಲಸಕ್ಕೆ ಹೋದಾಗ ಅವಳ ಮರಿ ನನ್ನ ಪಾಲು. ಎಡಗೈಯಲ್ಲಿ ಅದನ್ನು ತಟ್ಟುತ್ತಲೇ ಈ ಕಾಗದ ಬರೆದೆ. ನಿಮ್ಮ ಮೊದಲ ಚರಣ ಹಾಡಿ ಹಾಡಿ ಗಂಟಲು ಒಣಗಿತು; ಅದು ಕಣ್ಣು ಬಿಟ್ಟುಕೊಂಡು, ಮುಂದೇನು ಎಂಬಂತೆ ನೋಡುತ್ತದೆ. ಎರಡನೇ ಚರಣ ನಮಗ್ಯಾರಿಗೂ ಬಾರದು. ಅಷ್ಟರಲ್ಲಿ ಮಕ್ಕಳು ಮಲಗಿರುತ್ತಿದ್ದವು, ನಾವು ಅಲ್ಲಿ ಇರುತ್ತಿರಲಿಲ್ಲ. ಹೆಸರಿನ ಜಗಳ ಆಮೇಲಾಡೋಣ. ಮೊದಲು ಫೋನಿನಲ್ಲಿ ಆ ಎರಡನೆಯದನ್ನು ಹಾಡಿಬಿಡಿ, ಮಿಷನ್ ತುಳಿಯುತ್ತಲೇ. ಸ್ಪೀಕರ್ ಹಾಕಿ ತೊಟ್ಟಿಲ ಪಕ್ಕ ಇಡುತ್ತೇನೆ.