ಗೀಜರಿನ ಪರ ಮಾತಾಡಿದವರಿಗೆ

ಮಾನ್ವಿ, ಗುರುವಾರ

ನನ್ನ ಮುದ್ದಿನ ಚನ್ನವೀರ ಅವರೇ,

ನಿಮ್ಮ ಮೇಲೆ ಪ್ರೀತಿ ಬೆಟ್ಟದಷ್ಟಿದೆ. ಸಿಟ್ಟು ಅದಕ್ಕಿಂತ ಹೆಚ್ಚಿದೆ.

ಎಂಟು ಸೀಟಿಯಾದರೂ ಬೇಳೆ ಬೇಯದ್ದಕ್ಕೆ ಅತ್ತೆ, "ತವರಿಗಿ ಹೋಗಿ ಅಡಿಗಿ ಕಲ್ತು ಬಾ" ಎಂದು ಮದುವೆಯಾದ ಎರಡನೇ ತಿಂಗಳಿಗೇ ನನ್ನನ್ನು ಕಳಿಸಿದರು. ಇಲ್ಲಿ ನಾನೇ ಇಟ್ಟ ಬೇಳೆ ಮೂರೇ ಸೀಟಿಗೆ ಬೆಣ್ಣೆಯಂತೆ ಬೆಂದಿತು.

ರಾಯಚೂರಿನಲ್ಲಿ ನಮ್ಮ ಗೀಜರ್ ಕೆಟ್ಟಾಗ ಅತ್ತೆ ಅದನ್ನು ಬೈದರೆ ನೀವು, "ಗೀಜರ್ ಛಲೋ ಅದ ಯವ್ವಾ, ನಳದ ನೀರು ಭಾಳ ಗಡಸ ಅದಾವ" ಎಂದಿರಿ. ಬೇಳೆ ಬೇಯದ್ದಕ್ಕೆ ಅವರು ನನ್ನನ್ನು ಬೈದಾಗ ಮಾತ್ರ ನನ್ನ ಪರವಾಗಿ ಅಷ್ಟೂ ಹೇಳದೆ ಪೇಪರ್ ಓದುತ್ತ ಕುಳಿತಿರಿ.

ಭಾನುವಾರ ಆ ನಳದ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು, ಅತ್ತೆಯನ್ನೂ ಕರೆದುಕೊಂಡು ಬನ್ನಿ. ಅವರ ಎದುರು ಅದರಲ್ಲಿ ನೀವೇ ಬೇಳೆ ಬೇಯಿಸಿ. ಬೇಯದಿದ್ದರೆ ಯಾಕೆಂದು ನಿಮ್ಮ ಬಾಯಿಂದಲೇ ಅವರಿಗೆ ಹೇಳಿ. ಆಮೇಲೆ ಬಸ್ಸು ಹತ್ತುತ್ತೇನೆ.

ಸಿಟ್ಟಿನಲ್ಲೂ ನಿಮ್ಮವಳೇ,
ಅಕ್ಷತಾ