ಬೆಳ್ಳಿ ತಟ್ಟೆಯ ಹಿಂದಿನ ವಾಷರ್

ಅಕ್ಕಾ,

ಅಮ್ಮನಿಗೂ ವಿಳಾಸ ಕೊಡದೆ ಹೋದವಳು ನೀನು, ಇದನ್ನು ಓದುವುದಿಲ್ಲ. ಆದರೂ ಇವತ್ತಿನದನ್ನು ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಸ್ಕೂಲು ಬಿಟ್ಟು ಅಲೆಯುತ್ತಿದ್ದ ನನ್ನನ್ನು ಈ ಲ್ಯಾಬಿಗೆ ಸೇರಿಸಿದ ದಿನ ನೀನು ಹೇಳಿದ್ದೆ: "ಮ್ಯುಯಾನ್ ಅಂದ್ರೆ ಹರಳಿನೊಳಗೆ ಕಳಿಸೋ, ಅಣುಗಿಂತ ಚಿಕ್ಕ ಗೂಢಚಾರ ಕಣೋ. ಒಳಗೆ ಕಾಂತ ಇದ್ರೆ ಬುಗುರಿ ಥರ ವಾಲಾಡುತ್ತೆ. ಸಾಯೋವಾಗ ಮುಖ ಯಾವ ಕಡೆ ಇತ್ತು ಅಂತ ಬಾಯಿಬಿಟ್ಟು ಸಾಯುತ್ತೆ."

ನಿನ್ನ ಹರಳಿನಲ್ಲಿ ನೀನು ಕಂಡು ಪ್ರಕಟಿಸಿದ ಕಾಂತಗುಣ ಬೇರೆ ಲ್ಯಾಬಿನವರಿಗೆ ಕಾಣಲಿಲ್ಲ. "ನಿಮ್ಮಕ್ಕ ಸುಳ್ಳು ಬರೆದ್ಲೇನೋ?" ಎಂದು ಪ್ರೊಫೆಸರು ಕೇಳಿದಾಗ ನಾನು "ಗೊತ್ತಿಲ್ಲ ಸರ್" ಅಂದೆ. ನೀನು ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದೆ; ಮರುದಿನ ನೀನಿರಲಿಲ್ಲ.

ಇವತ್ತು ಪ್ರೊಫೆಸರು ನಿನ್ನ ಹರಳು ಕೂರಿಸುತ್ತಿದ್ದ ಬೆಳ್ಳಿ ತಟ್ಟೆಯನ್ನು, ಹರಳಿಲ್ಲದೆ ಖಾಲಿಯಾಗಿ, ನನ್ನ ಕೈಲಿ ಮ್ಯುಯಾನ್ ಕಿರಣಕ್ಕೆ ಒಡ್ಡಿಸಿದರು. ಇಷ್ಟು ದಿನ ಬಿಟ್ಟು ಇವತ್ತೇ ಯಾಕೆ, ಅದೂ ಎಲ್ಲರೂ ಊಟಕ್ಕೆ ಹೋದಾಗ? ಬೆಳ್ಳಿ ಮ್ಯುಯಾನನ್ನು ಅಲುಗಿಸುವುದಿಲ್ಲ. ಆದರೂ ಪರದೆಯ ಮೇಲೆ, ನೀನು ಹರಳಿನದೆಂದು ಬರೆದಿದ್ದ ಅದೇ ಅಲೆ ಎದ್ದಿತು. ಬಿಚ್ಚಿ ನೋಡಿದರೆ ತಟ್ಟೆಯ ಹಿಂದೆ ಕಾಂತಕ್ಕೆ ಅಂಟುವ ನಿಕ್ಕಲ್ ವಾಷರ್.

"ನಿಮ್ಮಕ್ಕಂದು ಅವಸರದ ಕೈ," ಅಂದರು.

"ತಟ್ಟೆ ಜೋಡಿಸಿಕೊಟ್ಟಿದ್ದು ನೀವಲ್ವಾ ಸರ್?"

"ಬಾಯಿ ಜಾಸ್ತಿ ಆಯ್ತು ಕಣಯ್ಯಾ ನಿಂಗೆ." ನಗುತ್ತಲೇ ವಾಷರನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದರು. ಎಸೆಯುವುದಾದರೆ ಕಸದ ಬುಟ್ಟಿ ಕಾಲ ಬಳಿಯೇ ಇತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಯಾರಾದ್ರೂ ಕೇಳಿದ್ರೆ ಏನಂತೀಯ?"

"ಅವತ್ತು ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ. ಇವತ್ತು ಗೊತ್ತು ಸರ್."

ಅವರ ಕೈ ಜೇಬಿನಲ್ಲೇ ನಿಂತಿತು. ಈ ಸಲ ಬಾಗಿಲಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.