ಬೆನ್ನಿನ ಗುರುತು

ಭಾನುವಾರ, ಬೆಳಗಿನ ಹನ್ನೊಂದು ಗಂಟೆ
ತಂಗಿಯ ಮನೆ, ಹೊಲಿಗೆ ಮಿಷನ್ನಿನ ಪಕ್ಕ

ಊರಿನ ಸಮಸ್ತ ಬೆನ್ನುಗಳಿಗೆ ಆಪದ್ಬಾಂಧವರೂ ನನ್ನೊಬ್ಬಳಿಗೆ ಬರೀ ಗಂಡನೂ ಆದ ನಿಮಗೆ,

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿಕೊಂಡೇ ಈ ಕಾಗದ ಶುರುಮಾಡುತ್ತಿದ್ದೇನೆ. ಚೆನ್ನಾಗಿರುವವರನ್ನು ಬೈದರೆ ಪಾಪ ಕಡಿಮೆ.

ಹದಿನಾಲ್ಕು ತಿಂಗಳಿಂದ ನಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಇರುವುದು ವಕೀಲರು ಬರೆದುಕೊಟ್ಟ ಒಂದು ಕಾಗದ. ಬೇರೆಯಾಗಲು ಇಬ್ಬರಿಗೂ ಸಂಪೂರ್ಣ ಒಪ್ಪಿಗೆ ಎಂದು ಅದರಲ್ಲಿದೆ. ಮೊದಲು ಅವಳು ಸಹಿ ಹಾಕಲಿ, ಆಮೇಲೆ ನಾನು ಎಂದು ಹೇಳಿದಿರಂತೆ. ಬಾಗಿಲಲ್ಲಿ ಹೆಂಗಸರನ್ನು ಮುಂದೆ ಬಿಡುವ ನಿಮ್ಮ ಸಭ್ಯತೆ ನನಗೆ ಹೊಸದಲ್ಲ. ಆ ಕಾಗದ ಎರಡು ತಿಂಗಳಿಂದ ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಮಲಗಿತ್ತು. ಸಹಿ ಹಾಕಲು ನನಗೆ ಕೈ ಬರಲಿಲ್ಲ. ಇದು ನಿಜ. ಓದಿ ಮೀಸೆಯಲ್ಲಿ ನಗಬೇಡಿ.

ಕೈ ಬರದಿದ್ದಾಗ ಏನು ಮಾಡಬೇಕು? ಕೈಗೆ ಹೆಸರಾದವರ ಹತ್ತಿರ ಹೋಗಬೇಕು. ಹೀಗೆಂದು ತೀರ್ಮಾನಿಸಿ ನಾನು ನಿಮಗೊಂದು ಪರೀಕ್ಷೆ ಇಟ್ಟೆ. ನಿಮಗೆ ತಿಳಿಸಲಿಲ್ಲ, ಅಷ್ಟೆ. ಗೆದ್ದರೆ ಆ ಕಾಗದ ಹರಿದು ಒಲೆಗೆ, ಸೋತರೆ ಸಹಿ.

ಪ್ರಶ್ನೆಪತ್ರಿಕೆ ನೀವೇ ಬರೆದುಕೊಟ್ಟದ್ದು. ನಾಲ್ಕು ಜನ ಕೂತಲ್ಲೆಲ್ಲ ನೀವು ಕಾಲ ಮೇಲೆ ಕಾಲು ಹಾಕಿ ಹೇಳುತ್ತಿದ್ದ ಮಾತು: "ಮುಖ ನನಗೆ ಮರ್ತುಹೋಗುತ್ತೆ ಕಣ್ರೀ, ಬೆನ್ನು ಮಾತ್ರ ಒಂದ್ಸಲ ಮುಟ್ಟಿದ್ರೆ ಸಾಯೋ ತನಕ ಮರೆಯಲ್ಲ." ಇದು ಬಡಾಯಿಯಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ತರಕಾರಿ ಅಂಗಡಿಯಲ್ಲಿ ಬ್ಯಾಂಕಿನ ಮ್ಯಾನೇಜರು ಕೈ ಮುಗಿದು ನಿಂತಾಗ ನೀವು ಅವರನ್ನು ಈರುಳ್ಳಿ ನೋಡಿದಂತೆ ನೋಡಿದಿರಿ. ಪಾಪ, ಅವರು ಅವಮಾನವಾಗಿ ಆ ಕಡೆ ತಿರುಗಿದರು ನೋಡಿ, ನಿಮ್ಮ ಮುಖ ಅರಳಿತು. "ಓಹೋ, ಸೊಂಟದ ನಾಲ್ಕನೇ ಮಣಿ! ಹೇಗಿದೀರಾ?" ಅಂಗಡಿಗೆ ಅಂಗಡಿಯೇ ಮ್ಯಾನೇಜರ ಸೊಂಟ ನೋಡಿತು.

ಇಂಥ ಸರ್ವಜ್ಞರ ಹೆಂಡತಿಗೆ ಆರು ವರ್ಷ ಕತ್ತು ನೋವಿತ್ತು. ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಎಡಗಡೆ ಕತ್ತು ತಿರುಗುತ್ತಲೇ ಇರಲಿಲ್ಲ. ರಸ್ತೆ ದಾಟಬೇಕಾದರೆ ಇಡೀ ಮೈಯನ್ನೇ ಬೀರುವಿನ ಹಾಗೆ ತಿರುಗಿಸಬೇಕಿತ್ತು. ಒಂದು ಸಲ ಕೈ ಇಟ್ಟು ನೋಡಿ ಎಂದರೆ, ಮನೆಯವರಿಗೆ ಚಿಕಿತ್ಸೆ ಮಾಡಬಾರದು, ಅದು ವೃತ್ತಿಧರ್ಮ ಎಂದಿರಿ. ಒಪ್ಪಿದೆ. ಅದೇ ವಾರ ಪಕ್ಕದ ಮನೆಯ ನಾಯಿಯನ್ನು ನಮ್ಮ ಹಾಲಿನ ಚಾಪೆಯ ಮೇಲೆ ಮಲಗಿಸಿ ಮುಕ್ಕಾಲು ಗಂಟೆ ಅದರ ಹಿಂಗಾಲು ನೀವಿದಿರಿ. ನಾಯಿ ಮನೆಯವರಲ್ಲ, ಸರಿ. ಮೂರನೇ ಸಲ ಕೇಳಿದಾಗ ನೀವು ಪೇಪರಿನಿಂದ ತಲೆ ಎತ್ತದೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಿಂದು ಕತ್ತು ನೋವಲ್ಲ ಕಣೇ, ಕೊಬ್ಬು. ಅದಕ್ಕೆ ನನ್ನ ಹತ್ರ ಚಿಕಿತ್ಸೆ ಇಲ್ಲ." ಅದಾದ ಎಂಟನೆಯ ದಿನ ನಾನು ಮಿಷನ್ನು ಆಟೋದಲ್ಲಿ ಹಾಕಿಕೊಂಡು ತಂಗಿಯ ಮನೆಗೆ ಬಂದೆ.

ನಿಮ್ಮ ವಿದ್ಯೆಯನ್ನು ಹೀಗಳೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಜನ ಮೂಳೆ ಡಾಕ್ಟರು ಎಂದು ಕರೆದಾಗಲೆಲ್ಲ ನೀವು ಕೆಂಡವಾಗಿ, ಆಸ್ಟಿಯೋಪಥಿ ಎಂದರೆ ಮುರಿದ ಮೂಳೆ ಕಟ್ಟುವುದಲ್ಲ ಎಂದು ಬಿಡಿಸಿ ಹೇಳುವುದನ್ನು ಸಾವಿರ ಸಲ ಕೇಳಿದ್ದೇನೆ. ನೋವು ಇರುವ ಕಡೆಯೇ ಕಾರಣ ಇರಬೇಕೆಂದಿಲ್ಲ. ಕೈಯಿಟ್ಟು ಬಿಗಿಯಾದದ್ದನ್ನು ಹುಡುಕಬೇಕು, ಮೆಲ್ಲಗೆ ಸಡಿಲ ಮಾಡಬೇಕು, ಉಳಿದದ್ದನ್ನು ಮೈ ತಾನೇ ಸರಿಮಾಡಿಕೊಳ್ಳುತ್ತದೆ. ಕೈಗೆ ನಿಲುಕದ್ದನ್ನು ಮುಚ್ಚುಮರೆಯಿಲ್ಲದೆ ಆಸ್ಪತ್ರೆಗೆ ಕಳಿಸಬೇಕು. ಎಲ್ಲ ಒಪ್ಪತಕ್ಕ ಮಾತೇ. ಅದರ ಮೇಲೆ ನೀವು ಒಂದು ಉಪಮೆ ಹೊಡೆಯುತ್ತಿದ್ದಿರಿ: ಮೈಯೆಂದರೆ ಒಂದೇ ಬಟ್ಟೆ, ಬಗಲಲ್ಲಿ ಹೊಲಿಗೆ ಬಿಗಿಯಾದರೆ ಕಾಲರಿನಲ್ಲಿ ಸುಕ್ಕು ಬೀಳುತ್ತದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಮಾತು ನನ್ನದು. ಮದುವೆಯಾದ ವರ್ಷ ನಿಮ್ಮ ಬಿಳಿ ಕೋಟಿನ ತೋಳು ಬಿಚ್ಚಿ ಹೊಲಿಯುತ್ತ ನಾನು ಹೇಳಿದ್ದು. ನೆನಪಿರಲಿಕ್ಕಿಲ್ಲ; ನಾನು ಹೇಳುವಾಗ ನಿಮ್ಮ ಕಡೆಗೆ ಮುಖ ಮಾಡಿದ್ದೆ.

ಇನ್ನು ಪರೀಕ್ಷೆಯ ವಿಷಯ. ಮೊನ್ನೆ ಗುರುವಾರ ನಾಲ್ಕೂವರೆಗೆ ತಂಗಿಯ ಹೆಸರಿನಲ್ಲಿ, ಅವಳ ಫೋನ್ ನಂಬರು ಕೊಟ್ಟು ಬರೆಸಿ ನಿಮ್ಮ ಕ್ಲಿನಿಕ್ಕಿಗೆ ಬಂದೆ. ಮುಂದಿನ ಮೇಜಿನಲ್ಲಿ ಕೂತ ಹುಡುಗಿ ಹೊಸಬಳು, ನನ್ನ ಗುರುತು ಅವಳಿಗಿಲ್ಲ. ನೋವಿನ ಪ್ರವರವನ್ನೆಲ್ಲ ಫಾರಮ್ಮಿನಲ್ಲಿ ಬರೆಸಿಕೊಂಡು ಎಡಗಡೆ ಕೋಣೆಗೆ ಕಳಿಸಿದಳು. ಬಾಗಿಲಲ್ಲಿ ಎಲ್ಲರಿಗೂ ಕೊಡುವ ಅದೇ ನೀಲಿ ಚಪ್ಪಲಿ, ಮುಖ ಇಡಲು ತೂತಿರುವ ಅದೇ ಮಂಚ, ಗೋಡೆಯ ಮೇಲೆ ನೀವೇ ಬರೆಸಿದ ಅದೇ ಬೋರ್ಡು: 'ಕೈ ಕೇಳುತ್ತಿರುವಾಗ ಬಾಯಿ ಮುಚ್ಚಿರಲಿ.' ಕೈ ಇಟ್ಟಲ್ಲಿಂದ ಎತ್ತುವ ತನಕ ರೋಗಿಯೂ ಮಾತಾಡಬಾರದು, ವೈದ್ಯರೂ ಮಾತಾಡಬಾರದು. ನನಗೆ ಇದಕ್ಕಿಂತ ಅನುಕೂಲ ಏನು ಬೇಕು? ಬೋರಲು ಮಲಗಿ ತೂತಿನಲ್ಲಿ ಮುಖ ಇಟ್ಟೆ. ಬಾಗಿಲು ಸದ್ದಾಯಿತು. ಒಂದು ಜೊತೆ ನೀಲಿ ಚಪ್ಪಲಿ ಸುಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

ನಿಮ್ಮ ಕೈ ನನಗೆ ಬಾಯಿಪಾಠ ಎಂದು ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಅಳತೆಪಟ್ಟಿ ಇಲ್ಲದೆ ನಿಮ್ಮ ತೋಳಿಗೆ ಬಟ್ಟೆ ಕತ್ತರಿಸಿದವಳು. ಸಾವಿರ ಕೈಗಳ ನಡುವೆ ಕಣ್ಣು ಕಟ್ಟಿ ಬಿಟ್ಟರೂ ಹಿಡಿದು ತರುತ್ತೇನೆ. ಆದ್ದರಿಂದ ಗುರುವಾರ ನಿಮ್ಮ ಕೈ ಮೆತ್ತಗಾಗಿದೆ ಎಂದು ಅನ್ನಿಸಿದಾಗ, ವಯಸ್ಸಾಯಿತು ಪಾಪ ಎಂದುಕೊಂಡೆ. ಆ ಘಾಟು ಎಣ್ಣೆಯ ವಾಸನೆ ಇರಲಿಲ್ಲ. ಬುದ್ಧಿ ಬಂದು ಎಣ್ಣೆ ಬದಲಿಸಿದ್ದೀರಿ ಎಂದುಕೊಂಡೆ.

ಕೈ ಮೊದಲು ಬೆನ್ನಿನ ನಡುವೆ ಸುಮ್ಮನೆ ಕೂತಿತು. ಏನೂ ಮಾಡಲಿಲ್ಲ. ನನ್ನ ಉಸಿರು ಬರುವ ತನಕ ಕಾದು, ಉಸಿರಿನ ಜೊತೆ ಎದ್ದು, ಉಸಿರಿನ ಜೊತೆ ಇಳಿಯಿತು. ಫಾರಮ್ಮಿನಲ್ಲಿ ಎಡಗತ್ತು ಎಂದು ಬರೆಸಿದ್ದರೂ ಅದು ನೇರ ಹೋದದ್ದು ಬಲಪಕ್ಕೆಗೆ. ನಾನು ಬಟ್ಟೆ ತಳ್ಳುವ ಕೈಯ ಕಡೆಗೆ. ಅಲ್ಲೊಂದು ಗಂಟು ಇದೆಯೆಂದು ನನಗೇ ಗೊತ್ತಿರಲಿಲ್ಲ. ಒತ್ತಲಿಲ್ಲ, ಲಟಕ್ ಎನಿಸಲಿಲ್ಲ. ಹಟ ಮಾಡುವ ಮಗುವಿನ ಪಕ್ಕ ದೊಡ್ಡವರು ಸುಮ್ಮನೆ ಕೂತ ಹಾಗೆ ಕೂತಿತು. ಗಂಟು ತಾನೇ ನಾಚಿಕೊಂಡು ಸಡಿಲವಾಯಿತು.

ಆಮೇಲೆ ಭುಜದೆಲುಬಿನ ಕೆಳಗಿನ ಕಲೆಯ ಹತ್ತಿರ ಬಂತು. ಮದುವೆಯಾದ ಮೊದಲ ಚಳಿಗಾಲ ನೀವು ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತದೆ ಇಟ್ಟು ಸುಟ್ಟ ಕಲೆ. ಆವತ್ತು ಅತ್ತವರು ನೀವು, ಸಮಾಧಾನ ಮಾಡಿದವಳು ನಾನು. ಕೈ ಅಲ್ಲಿ ನಿಂತಿತು. ನಾನು ಉಸಿರು ಹಿಡಿದೆ. ಈಗ ಕರೆಯುತ್ತೀರಿ, ಬೋರ್ಡಿನ ನಿಯಮ ಗಾಳಿಗೆ ತೂರಿ ಲೇ ಎನ್ನುತ್ತೀರಿ ಎಂದು ಕಾದೆ. ಬೆರಳು ಆ ಕಲೆಯ ಸುತ್ತ, ಹಸಿ ಗಾಯವೇನೋ ಎಂಬಂತೆ, ಮೆಲ್ಲಗೆ ಒಂದು ಸುತ್ತು ಬಂದು ಮುಂದಕ್ಕೆ ಹೋಯಿತು. ತೂತಿನಿಂದ ಕೆಳಗೆ ನೆಲದ ಮೇಲೆ ನನ್ನ ಕಣ್ಣೀರು ತೊಟ್ಟಿಕ್ಕಿತು. ಕೋಣೆ ಒರೆಸುವವರಿಗೆ ಕ್ಷಮೆ ಕೇಳಿದೆನೆಂದು ತಿಳಿಸಿ.

ಕೈ ಎದ್ದಿತು, ಬಾಗಿಲು ಮುಚ್ಚಿತು. ನಿಮ್ಮ ನಿಯಮದಂತೆ ಹತ್ತು ನಿಮಿಷ ಒಬ್ಬಳೇ ಮಲಗಿದ್ದೆ. ಎದ್ದು ಕೂತು ಗಡಿಯಾರ ನೋಡಿದೆ. ಗಡಿಯಾರ ಎಡಗಡೆ ಗೋಡೆಯ ಮೇಲಿತ್ತು. ಆರು ವರ್ಷದ ಮೇಲೆ ಕತ್ತು ಅಲ್ಲಿಯ ತನಕ ತಿರುಗಿತ್ತು. ಹೊರಗೆ ಆ ಹುಡುಗಿ ವ್ಯಾಯಾಮದ ಚೀಟಿ ಕೊಟ್ಟು, ನನ್ನ ಮುಖ ನೋಡಿ, ಇಲ್ಲಿ ತುಂಬ ಜನಕ್ಕೆ ಅಳು ಬರುತ್ತೆ ಆಂಟಿ, ಪರವಾಗಿಲ್ಲ ಎಂದಳು.

ಹೀಗೆ ತಾವು ಪರೀಕ್ಷೆಯಲ್ಲಿ ಸೊನ್ನೆ ಪಡೆದಿದ್ದೀರಿ. ಬ್ಯಾಂಕಿನ ನಾಲ್ಕನೇ ಮಣಿ ನೆನಪಿದೆ, ಪಕ್ಕದ ಮನೆಯ ನಾಯಿಯ ಹಿಂಗಾಲು ನೆನಪಿದೆ, ನೀವೇ ಸುಟ್ಟ ಬೆನ್ನು ನೆನಪಿಲ್ಲ. ಅದಾದರೂ ಹೋಗಲಿ ಎನ್ನಬಹುದಿತ್ತು. ಅಷ್ಟೊಂದು ಕರುಣೆ ನಿಮ್ಮ ಕೈಯಲ್ಲಿ ಇತ್ತಲ್ಲ, ಅದನ್ನು ಹೆಂಡತಿಗೆ ಕೊಡದೆ ಇಪ್ಪತ್ತೆರಡು ವರ್ಷ ಗುರುತಿಲ್ಲದವರಿಗೆ ಹಂಚಿದಿರಿ. ಆ ಕರುಣೆಯ ಒಂದು ಚೂರು ಪಡೆಯಲು ನಾನು ಹೆಸರು ಬದಲಿಸಿಕೊಂಡು ಬರಬೇಕಾಯಿತು. ಇದನ್ನು ಕ್ಷಮಿಸುವಷ್ಟು ಸಡಿಲ ನಾನಿನ್ನೂ ಆಗಿಲ್ಲ.

ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಅಕ್ಷರ ದುಂಡಗೆ ಬಂದಿದೆ. ಕತ್ತು ನೋಯಲಿಲ್ಲ.

ಇಂತಿ,
ನಿಮ್ಮ ಗುರುವಾರ ನಾಲ್ಕೂವರೆಯ ಪೇಷೆಂಟು

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೆ ನಿಮ್ಮ ಕ್ಲಿನಿಕ್ಕಿನ ಹುಡುಗಿ ತಂಗಿಗೆ ಫೋನ್ ಮಾಡಿ, ಕತ್ತು ಹೇಗಿದೆ ಎಂದು ಹೊಸ ಡಾಕ್ಟರಮ್ಮ ಕೇಳುತ್ತಿದ್ದಾರೆ ಎಂದಳಂತೆ. ಯಾವ ಡಾಕ್ಟರಮ್ಮ ಎಂದರೆ, ಗುರುವಾರ ನೋಡಿದವರೇ ಎಂದಳಂತೆ. ಸಾಹೇಬರು ಮಂಚದ ಮೇಲೆ ಹತ್ತಿ ಬಲ್ಬು ಹಾಕಲು ಹೋಗಿ ಬಿದ್ದು, ಬಲಗೈ ಮಣಿಕಟ್ಟು ಮುರಿದು, ಪ್ಲಾಸ್ಟರು ಹಾಕಿಸಿಕೊಂಡು ಮೂರು ವಾರದಿಂದ ಮನೆಯಲ್ಲೇ ಇದ್ದಾರಂತೆ.

ತಂಗಿ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡಳು. ನನಗೆ ನಗು ಬರಲು ಸ್ವಲ್ಪ ಹೊತ್ತಾಯಿತು. ಪರೀಕ್ಷೆ ನಿಮಗೆಂದು ಇಟ್ಟೆ. ಕೂತು ಬರೆದವಳು ನಾನು, ಫೇಲಾದವಳೂ ನಾನು. ಮುಕ್ಕಾಲು ಗಂಟೆ ಯಾರದೋ ಕೈಯನ್ನು ನಿಮ್ಮದೆಂದು ನಂಬಿ ಅತ್ತೆ. ಮೇಲೆ ಬರೆದದ್ದರಲ್ಲಿ ಒಂದು ಮಾತನ್ನು ಮಾತ್ರ ಹಿಂದಕ್ಕೆ ಪಡೆಯುತ್ತೇನೆ: ನಿಮ್ಮ ಕೈಯಲ್ಲಿ ಕರುಣೆ ಇತ್ತು ಎಂದೆನಲ್ಲ, ಅದನ್ನು.

ಸಹಿ ಹಾಗೆಯೇ ಇರಲಿ. ನಿಮ್ಮ ಕೈ ಯಾವುದೆಂದು ನನಗೇ ಗೊತ್ತಾಗದ ಮೇಲೆ ಹರಿಯುವುದಕ್ಕೆ ಏನು ಉಳಿದಿದೆ? ಬರುವ ಗುರುವಾರ ಡಾಕ್ಟರಮ್ಮನ ಹತ್ತಿರ ನನ್ನದೇ ಹೆಸರಿನಲ್ಲಿ ಬರೆಸಿದ್ದೇನೆ. ಅಷ್ಟರೊಳಗೆ ನಿಮ್ಮ ಕಡೆಯದೂ ಆಗಲಿ. ಬಲಗೈ ಇಲ್ಲವೆಂದು ಕಾಯಬೇಕಾಗಿಲ್ಲ. ವಕೀಲರನ್ನು ಕೇಳಿದೆ, ಎಡಗೈ ಹೆಬ್ಬೆಟ್ಟು ಸಾಕಂತೆ.